ಒಲೆಯ ಬೆನ್ನ ಮೇಲಿನ ಬೊಟ್ಟು

"ಗುರುಗಳೇ, ನಾವು ಗೆಳತಿಯರು ಸೇರಿ ಹೊಸ ಕಂಪನಿ ಕಟ್ಟುತ್ತಿದ್ದೇವೆ. ಏನು ಆಯಿತು, ಏನು ಕೆಟ್ಟಿತು, ಎಲ್ಲವನ್ನೂ ಅಂದಂದೇ ಮೊಬೈಲಿನಲ್ಲಿ ಊರಿಗೆಲ್ಲ ತೋರಿಸುತ್ತೇನೆ. ಜನ ನೋಡುತ್ತಾರೆಂದರೆ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅಮ್ಮ ಮಾತ್ರ ದೃಷ್ಟಿ ತಾಗುತ್ತದೆ, ಮುಚ್ಚಿಡು ಅನ್ನುತ್ತಾಳೆ. ಏನು ಮಾಡಲಿ?" ಎಂದು ಶಿಷ್ಯೆ ಕೇಳಿದಳು.

ಗುರು ಹೇಳಿದರು:

ಒಬ್ಬ ಕುಂಬಾರಗಿತ್ತಿಗೆ ಹುಚ್ಚು ಹಿಡಿಯಿತು. ಒಂದೇ ಬೆಂಕಿಗೆ ಮೂರು ಪಾತ್ರೆ ಬೇಯುವ ಒಲೆ ಮಾಡಬೇಕು. ಅತ್ತೆ ಗಡುವು ಹಾಕಿದಳು: "ಯುಗಾದಿಯ ಅಡುಗೆ ಅದರ ಮೇಲೆ ಆಗಬೇಕು. ಆಗದಿದ್ದರೆ ಒಲೆಯ ಮಾತು ಬಿಟ್ಟು ಸುಮ್ಮನೆ ಮಡಕೆ ತಟ್ಟು."

ಸೊಸೆ ಮಣ್ಣನ್ನು ಹಿತ್ತಿಲಿಗೆ ಒಯ್ಯಲಿಲ್ಲ. ಬೀದಿಗೆ ಮುಖ ಮಾಡಿ ಅಂಗಳದಲ್ಲೇ ಕುಳಿತಳು. ಹಸಿ ಒಲೆಗೆ ಊರ ಕಣ್ಣು ಬಿದ್ದರೆ ಬಿರುಕು ಬಿಡುತ್ತದೆಂದು ಅತ್ತೆ ಗೋಣಿತಾಟು ಅಡ್ಡ ಕಟ್ಟಿದಳು. ಸೊಸೆ ಅದನ್ನು ಬಿಚ್ಚಿ, ಹಾಸಿಕೊಂಡು, ಅದರ ಮೇಲೆಯೇ ಕುಳಿತಳು.

ಒಲೆ ಬಿರುಕು ಬಿಟ್ಟಿತು. ಅದನ್ನೂ ತೋರಿಸಿದಳು. ದಾರಿಹೋಕರು ನಿಂತು ನಕ್ಕರು. ಮಣ್ಣಿಗೆ ಹೊಟ್ಟು ಬೆರೆಸು ಎಂದವರೂ ಅವರೇ. ಬಿರುಕು ನಿಂತಿತು, ಆದರೆ ಹೊತ್ತಿಸಿದರೆ ಹೊಗೆಯೆಲ್ಲ ಮುಖಕ್ಕೇ. ನೀರು ಹೊತ್ತು ಹೊರಟಿದ್ದ ಮುದುಕಿಯೊಬ್ಬಳು ಬಗ್ಗಿ ನೋಡಿ, "ಉಸಿರಾಡೋಕೆ ಇದಕ್ಕೆ ಮೂಗೇ ಇಡಲಿಲ್ಲವಲ್ಲೇ ತಾಯಿ" ಎಂದಳು. ಸೊಸೆ ತಟ್ಟನೆ ಎದ್ದಳು. ಒಲೆಯ ಬೆನ್ನಿಗೆ ತೂತು ಕೊರೆದಳು. ಹೊಗೆ ಸರಸರನೆ ಅತ್ತ ಹೋಯಿತು. ತೂತಿನ ಸುತ್ತ ದುಂಡಗೆ ಮಸಿ ಹತ್ತಿತು.

ಎದುರುಮನೆಯ ಕುಂಬಾರ ಇದನ್ನೆಲ್ಲ ಕಿಟಕಿಯಿಂದ ನೋಡಿದ. ಬಾಗಿಲು ಹಾಕಿಕೊಂಡು ಅಂಥದೇ ಒಲೆಗಳನ್ನು ಮಾಡಿ, ಅವಳಿಗಿಂತ ಮೊದಲೇ ಸಂತೆಯಲ್ಲಿ ಮಾರಿಬಂದ.

"ಬೀದಿಯಲ್ಲಿ ಕೂತು ಕಳ್ಳನಿಗೆ ಪಾಠ ಹೇಳಿಕೊಟ್ಟೆ" ಎಂದಳು ಅತ್ತೆ.  ಸೊಸೆ ಕೆಳಗಿದ್ದ ಗೋಣಿತಾಟನ್ನು ಕೊಡವಿ ಎತ್ತಿಕೊಂಡಳು.

ಅದನ್ನು ಮತ್ತೆ ಅಡ್ಡ ಕಟ್ಟುವಷ್ಟರಲ್ಲಿ, ಸಂತೆಯಲ್ಲಿ ಕೊಂಡವರು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಒಲೆ ಹೊತ್ತು ಅವಳ ಅಂಗಳಕ್ಕೇ ಬಂದರು. ಒಲೆ ಹುಟ್ಟಿದ್ದು ಅಲ್ಲೆಂದು ಊರಿಗೆಲ್ಲ ಗೊತ್ತಿತ್ತು. ಅವಳು ಒಂದನ್ನು ತಿರುಗಿಸಿ ನೋಡಿದಳು. ಬೆನ್ನ ಮೇಲೆ ತೂತಿರಲಿಲ್ಲ. ಆ ಜಾಗದಲ್ಲಿ ಮಸಿಯಿಂದ ದುಂಡನೆಯ ದೃಷ್ಟಿಬೊಟ್ಟು ಇಟ್ಟಿದ್ದ ಆ ಕುಂಬಾರ.

"ದೂರದಿಂದ ಹಾಗೇ ಕಂಡಿತು" ಎಂದ, ಗದ್ದಲ ಕೇಳಿ ಹೊರಬಂದ ಎದುರುಮನೆಯವ.

"ಹತ್ತಿರ ಬಂದು ಕೇಳಿದ್ದರೆ ಹೇಳುತ್ತಿದ್ದೆನಲ್ಲ ಅಣ್ಣ" ಎಂದು ಅವಳು ಕಬ್ಬಿಣದ ಸಲಾಕೆ ತಂದು ಬೊಟ್ಟುಗಳಿಗೆಲ್ಲ ತೂತು ಕೊರೆದುಕೊಟ್ಟಳು.

ಯುಗಾದಿಯ ದಿನ ಅವಳ ಒಲೆಯ ಮೇಲೆ ಬೇಳೆ, ಅನ್ನ, ಹೋಳಿಗೆ ಒಟ್ಟಿಗೇ ಬೆಂದವು. ಅತ್ತೆ ಆಗಲೂ ಮೆಣಸಿನಕಾಯಿ ನಿವಾಳಿಸಿ ಅದೇ ಬೆಂಕಿಗೆ ಹಾಕಿದಳು. ಘಾಟೆಲ್ಲ ಆ ತೂತಿನಿಂದ ಬೀದಿಗೆ ಹೋಯಿತು.

ಶಿಷ್ಯೆ ನಕ್ಕು, "ಹಾಗಾದರೆ ಒಲೆಗೆ ದೃಷ್ಟಿ ತಾಗಲೇ ಇಲ್ಲವೇ ಗುರುಗಳೇ?" ಎಂದಳು.

"ತಾಗಿತು ಮಗಳೇ, ಆ ಮುದುಕಿಯದು; ಅದಕ್ಕೇ ಒಲೆಗೆ ಮೂಗು ಬಂತು."