ವೈದ್ಯನ ಹಿಂಬದಿಯ ಕೋಣೆ

“ಗುರುಗಳೇ, ಅಮಲಿನ ಸೂಜಿ ಚುಚ್ಚಿಕೊಳ್ಳುವವರಿಗೆಂದು ನಮ್ಮೂರಿನಲ್ಲಿ ಒಂದು ಕೋಣೆ ತೆರೆಯುತ್ತಾರಂತೆ. ಸೂಜಿಯನ್ನೂ ಅವರೇ ಕೊಡುತ್ತಾರಂತೆ, ಪಕ್ಕದಲ್ಲಿ ವೈದ್ಯರೂ ಕೂತಿರುತ್ತಾರಂತೆ. ಕೆಟ್ಟ ಚಟಕ್ಕೆ ನಾವೇ ಚಾಪೆ ಹಾಸಿಕೊಟ್ಟಂತಾಗಲಿಲ್ಲವೇ?” ಎಂದು ಶಿಷ್ಯ ಶಾಂತಯ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಬಂದರಿನ ಊರು. ಅಲ್ಲಿಯ ಹಮಾಲರಲ್ಲಿ ಅನೇಕರಿಗೆ ಆ ಚಟ ಹತ್ತಿತ್ತು. ಮೊದಲು ಬೆನ್ನುನೋವಿಗೆಂದು ಚುಚ್ಚಿಕೊಂಡರು. ಆಮೇಲೆ ನೋವಿಲ್ಲದಿದ್ದರೂ ಬೇಕಾಯಿತು. ಮದ್ದು ಹೆಚ್ಚಾದರೆ ಉಸಿರು ನಿಲ್ಲುತ್ತದೆ. ಪಾಳುಬಿದ್ದ ಗೋದಾಮಿನಲ್ಲಿ ಆಗಾಗ ಹೆಣ ಸಿಗುತ್ತಿತ್ತು. ಅದನ್ನು ನೋಡಲಾರದೆ ಒಬ್ಬ ವೈದ್ಯ ತನ್ನ ಮನೆಯ ಹಿಂಬದಿಯ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟ. ಮದ್ದನ್ನು ಅವನು ಕೊಡುತ್ತಿರಲಿಲ್ಲ. ಶುದ್ಧವಾದ ಸೂಜಿ ಕೊಟ್ಟು, ಎದುರಿಗೆ ಕೂತು ಅವರ ಉಸಿರು ನೋಡುತ್ತಿದ್ದ. ಉಸಿರು ನಿಂತವನನ್ನು ಉಳಿಸಿಕೊಳ್ಳುತ್ತಿದ್ದ. ಆ ಕೋಣೆಯಲ್ಲಿ ಯಾರೂ ಸಾಯಲಿಲ್ಲ. ಚಟ ಬಿಟ್ಟವರೂ ಕಡಿಮೆಯೇ.

ಅಲ್ಲಿಗೆ ಬರುತ್ತಿದ್ದವರಲ್ಲಿ ಬಲೆ ನೇಯುವ ಒಬ್ಬ ವಿಧವೆಯ ಮಗನೂ ಇದ್ದ. ಅವಳು ಅವನನ್ನು ಬೈದಿದ್ದಳು, ಕೂಡಿಹಾಕಿದ್ದಳು, ಕಾಲನ್ನೂ ಹಿಡಿದಿದ್ದಳು. ಕೊನೆಗೆ ವೈದ್ಯನ ಬಾಗಿಲಿಗೆ ಬಂದಳು.

“ನೀವು ಸೂಜಿ ಕೊಡುವವರೆಗೆ ಅವನು ಬಿಡುವುದಿಲ್ಲ ಸ್ವಾಮಿ. ಸಾಯುವ ಹೆದರಿಕೆ ಇದ್ದರೆ ತಾನೇ ಬಿಡುವುದು?”

“ಹೆದರಿಕೆ ಅವನಿಗೂ ಇದೆ ತಾಯಿ. ಅದಕ್ಕೇ ಇಲ್ಲಿಗೆ ಬರುತ್ತಾನೆ. ಬಿಡುವ ಮನಸ್ಸು ಬರುವವರೆಗೆ ಅವನು ಬದುಕಿರಬೇಕಲ್ಲ.”

“ಇದು ಬದುಕೇ?” ಎಂದಳು ಅವಳು.

ಅವಳು ಊರ ಹಿರಿಯರ ಮುಂದೆ ಹೋಗಿ ಅತ್ತಳು. ಅವರಿಗೂ ಆ ಕೋಣೆಯೆಂದರೆ ಮೊದಲಿನಿಂದ ಆಗುತ್ತಿರಲಿಲ್ಲ. ಕೋಣೆಗೆ ಬೀಗ ಬಿತ್ತು.

ಮಗ ಮನೆಯಲ್ಲೇ ಬಿದ್ದುಕೊಂಡ. ನಡುಗಿದ, ಬೆವರಿದ, ವಾಂತಿ ಮಾಡಿಕೊಂಡ. ಅವಳು ಪಕ್ಕದಿಂದ ಏಳಲಿಲ್ಲ. ನಿಧಾನವಾಗಿ ಗಂಜಿ ಕುಡಿಯತೊಡಗಿದ. ಹರಿದ ಬಲೆಯೊಂದನ್ನು ಹಿಡಿದು ಗಂಟು ಹಾಕಲೂ ಕೂತ. “ನನ್ನ ಮಗ ನನಗೆ ಸಿಕ್ಕ” ಎಂದು ನೆರೆಯವಳಿಗೆ ಹೇಳಿ ಅವಳು ಅತ್ತಳು.

ಒಂದು ದಿನ ಅವಳು ಬಲೆ ಮಾರಲು ಸಂತೆಗೆ ಹೋಗಿದ್ದಾಗ ಅವನು ಎದ್ದು ಹೋದ. ವೈದ್ಯನ ಹಿಂಬಾಗಿಲನ್ನು ತಟ್ಟಿದ್ದನ್ನು ಕಂಡವರಿದ್ದಾರೆ. ವೈದ್ಯ ಮನೆಯಲ್ಲಿರಲಿಲ್ಲ. ಅಲ್ಲಿಂದ ಅವನು ಗೋದಾಮಿಗೆ ಹೋಗಿ ಹಿಂದಿನಷ್ಟೇ ಮದ್ದು ಚುಚ್ಚಿಕೊಂಡ. ಇಷ್ಟು ದಿನ ಬಿಟ್ಟಿದ್ದ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಹೋಗಿತ್ತು. ಜನ ನೋಡುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ಅವಳು ಬಂದು ಸೆರಗಿನಿಂದ ಅವನ ತೋಳಿನ ರಕ್ತ ಒರೆಸಿದಳು. ಯಾರನ್ನೂ ದೂರಲಿಲ್ಲ. ಬಲೆ ನೇಯುವುದನ್ನು ನಿಲ್ಲಿಸಿದಳು.

ಗುರುಗಳು ಕಥೆ ಮುಗಿಸಿದರು.

“ಆದರೆ ಕೋಣೆ ತೆರೆದೇ ಇದ್ದಿದ್ದರೆ ಅವನು ಎಂದಾದರೂ ಚಟ ಬಿಡುತ್ತಿದ್ದನೇ, ಗುರುಗಳೇ?”

“ಈಗ ಬಿಟ್ಟಿದ್ದಾನಲ್ಲ, ಶಾಂತಯ್ಯ” ಎಂದರು ಗುರುಗಳು.