ಬೋಳುಬಂಡೆಯ ಕೇಕೆ

ಒಂದು ಕಾಡಿನಲ್ಲಿ ಸುರಗಿ ಎಂಬ ಎಳೆಯ ಜಿಂಕೆಯಿತ್ತು. ಅದು ನೆಗೆದರೆ ನೋಡುವುದಕ್ಕೆ ಚೆಂದ. ಆ ಕಾಡಿನ ಬೋಳುಬಂಡೆಯ ಮೇಲೆ ನರಿಯೊಂದು ದಿನಾ ಸಂಜೆ ಎಳೆಯ ಪ್ರಾಣಿಗಳನ್ನೆಲ್ಲ ಸೇರಿಸುತ್ತಿತ್ತು. ಒಬ್ಬೊಬ್ಬರೂ ನೆಗೆದು ತೋರಿಸಬೇಕು. ಚೆನ್ನಾಗಿ ನೆಗೆದವರಿಗೆ ಮರದ ಮೇಲಿನ ಕೋತಿಗಳು ಕೇಕೆ ಹಾಕುತ್ತಿದ್ದವು. ಎಡವಿದವರನ್ನು ಅಣಕಿಸಿ ನಗುತ್ತಿದ್ದವು.

ಮೊದಲ ಸಲ ಕೇಕೆ ಕೇಳಿ ಸುರಗಿ ಹಿಗ್ಗಿತು. ಆಮೇಲೆ ಅದಕ್ಕೆ ಬೇರೇನೂ ಬೇಡವಾಯಿತು. ಮೇಯುವಾಗಲೂ ಕಿವಿ ಬಂಡೆಯ ಕಡೆಗೇ. ಕಣ್ಣು ಮುಚ್ಚಿದರೆ ಕೋತಿಗಳ ನಗು ಕೇಳಿಸಿ ಬೆಚ್ಚಿ ಏಳುತ್ತಿತ್ತು. ಮೈ ಇಳಿದು ಪಕ್ಕೆಲುಬು ಕಾಣತೊಡಗಿತು.

"ಏನಾಯ್ತು ಮಗಳೇ?" ಎಂದು ತಾಯಿ ಕೇಳಿದರೆ, "ಏನಿಲ್ಲಮ್ಮ" ಎಂದು ಮುಖ ತಿರುಗಿಸುತ್ತಿತ್ತು.

ಒಂದು ಸಂಜೆ ನರಿ ಮೆಲ್ಲಗೆ ಹೇಳಿತು: "ನಿನ್ನ ನೆಗೆತ ಎಲ್ಲರಿಗೂ ಹಳತಾಯಿತು ಸುರಗಿ. ಬಂಡೆಯಂಚಿನ ಕೊರಕಲು ಹಾರು. ನಿನ್ನ ಗೆಳತಿ ಮೊಲ ಹಾರಿ ಆಚೆ ಕಾಡಿಗೇ ಹೋದಳು. ಅಲ್ಲಿ ಈಗ ಅವಳದೇ ಮಾತು."

ಸುರಗಿ ಅಂಚಿಗೆ ಹೋಗಿ ಇಣುಕಿತು. ತಳದಲ್ಲಿ ಬಿಳಿ ಮೂಳೆಗಳು ಬಿದ್ದಿದ್ದವು. ಮುಳ್ಳಿಗೆ ಮೊಲದ ತುಪ್ಪಳ ಸಿಕ್ಕಿಕೊಂಡಿತ್ತು. ಕೆಳಗಿಳಿಯುವ ಜಾಡಿನ ತುಂಬ ನರಿಯ ಹೆಜ್ಜೆಗಳು.

"ನರಿಮಾವ, ಕೆಳಗೆ ಏನದು?"

"ಕೆಳಗೆ ನೋಡಬೇಡ, ಹಾರು. ಹಿಂದೆ ಸರಿದರೆ ಇಡೀ ಕಾಡೇ ನಗುತ್ತದೆ."

ಕೋತಿಗಳು ಆಗಲೇ ನಗತೊಡಗಿದ್ದವು. ಸಾವಿಗಿಂತ ಆ ನಗುವೇ ಅದಕ್ಕೆ ಹೆಚ್ಚು ಭಯ ಹುಟ್ಟಿಸಿತು. ಮುಂಗಾಲು ತಾನಾಗಿ ಅಂಚಿಗೆ ಸರಿಯಿತು. ಕಾಲಡಿಯ ಕಲ್ಲೊಂದು ಜಾರಿ, ಕೆಳಗೆ ಬಿದ್ದು ಚೂರಾಯಿತು.

ಸುರಗಿ ಹಿಂದಕ್ಕೆ ಸರಿದು ಕೂತುಬಿಟ್ಟಿತು. "ನನಗೆ ಭಯವಾಗ್ತಿದೆ," ಎಂದು ಅಳುತ್ತ ಹೇಳಿತು. "ಮೊಲ ಎಲ್ಲಿಗೂ ಹೋಗಿಲ್ಲ. ಇಲ್ಲೇ ಸತ್ತಿದ್ದಾಳೆ. ಬಂದು ನೋಡಿ."

ನಗು ನಿಂತಿತು. ಕಾಡುಕುರಿಯ ಮರಿಯೊಂದು, "ನನಗೂ ದಿನಾ ಭಯವಾಗುತ್ತೆ. ಹೇಳೋಕೆ ನಾಚಿಕೆಯಾಗ್ತಿತ್ತು," ಎಂದಿತು. ಒಂದೊಂದಾಗಿ ಮರಿಗಳೆಲ್ಲ ಬಂಡೆ ಇಳಿಯತೊಡಗಿದವು.

ಬೇಟೆ ಕೈತಪ್ಪುವುದನ್ನು ಕಂಡು ನರಿ ಕಂಗಾಲಾಯಿತು. "ಹೇಡಿಗಳಾ, ಇದೇನು ಮಹಾ ಕೊರಕಲು? ನಿಲ್ಲಿ, ನಾನೇ ಹಾರಿ ತೋರಿಸ್ತೀನಿ," ಎಂದು ಓಡಿ ಬಂದು ನೆಗೆಯಿತು. ಮುಂಗಾಲು ಆಚೆಯ ಅಂಚಿಗೆ ತಾಗಿತು; ಹಿಂಗಾಲಿಗೆ ನೆಲ ಸಿಗಲಿಲ್ಲ. ಅದರ ಕೂಗು ಆಳಕ್ಕಿಳಿದು ಥಟ್ಟನೆ ನಿಂತುಹೋಯಿತು. ಕೋತಿಗಳು ಸದ್ದಿಲ್ಲದೆ ಚದುರಿದವು.

ಸುರಗಿ ನಡುಗುತ್ತಲೇ ತಾಯಿಯ ಬಳಿ ಬಂದು ಎಲ್ಲವನ್ನೂ ಹೇಳಿತು. ತಾಯಿ ಬಯ್ಯಲಿಲ್ಲ. ಮಗಳ ನಡುಕ ನಿಲ್ಲುವ ತನಕ ಅದರ ಕುತ್ತಿಗೆಯನ್ನು ನೆಕ್ಕುತ್ತ ಕೂತಿತು.

ನೀತಿ: ಬಂಡೆಯ ಕೇಕೆಯಾಗಲಿ, ಮೊಬೈಲಿನ ಲೈಕಾಗಲಿ, ಊರವರ ಮೆಚ್ಚುಗೆಗಾಗಿ ಊಟ, ನಿದ್ದೆ, ಜೀವ ಕಳೆದುಕೊಳ್ಳಬಾರದು; ಭಯವಾದಾಗ ಮುಚ್ಚಿಡದೆ ನಮ್ಮವರಿಗೆ ಹೇಳಬೇಕು.