ಹಾಳಾದ ಫೈಲು, ತುಂಬಿದ ಮಂಟಪ

ಮೊಬೈಲು ಚಾರ್ಜಿಗೆ ಹಾಕೋಕೆ ಅಂತ ಕಲ್ಯಾಣಮಂಟಪದ ಯಜಮಾನ ಕೆಂಚಪ್ಪಗೌಡರು ಕಂಪ್ಯೂಟರಿನ ವೈರನ್ನೇ ಕಿತ್ತರು. ಅಷ್ಟೇ. ಮದುವೆ ಬುಕಿಂಗೆಲ್ಲ ಇದ್ದ ಎಕ್ಸೆಲ್ ಫೈಲು ಕೆಟ್ಟುಹೋಯಿತು. ತೆರೆದರೆ ಬರೀ ಚೌಕ, ಬರೀ ಪ್ರಶ್ನೆ ಚಿಹ್ನೆ. ರಿಪೇರಿಯವನೂ ಬಂದು ನೋಡಿ ಕೈಚೆಲ್ಲಿದ.

ಗೌಡರು ಗುಮಾಸ್ತನ ಮೇಲೆ ಎಗರಾಡಿದರು. "ಯಾರ ಮದುವೆ ಯಾವತ್ತು ಅಂತ ಸಂಜೆಯೊಳಗೆ ಪೂರ್ತಿ ಬರಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಬರಬೇಡ."

ಗುಮಾಸ್ತ ಮೇಜಿನ ಡ್ರಾಯರಿನಲ್ಲಿ ಒಂದು ಸೀಮೆಸುಣ್ಣ ಹುಡುಕಿದ. ಆಮೇಲೆ ಎದ್ದು ಹೋಗಿ ಗೇಟಿನ ಕರಿಹಲಗೆ ಮೇಲೆ ಬರೆದ: "ವೈಶಾಖದ ಎಲ್ಲ ಮುಹೂರ್ತಕ್ಕೂ ಮಂಟಪ ಖಾಲಿ ಇದೆ. ಮೊದಲು ಬಂದವರಿಗೆ."

ಕಾಫಿ ಕುಡಿದು ಬರುವಷ್ಟರಲ್ಲಿ ಗೇಟಿನ ಮುಂದೆ ಜನವೋ ಜನ.

"ಏನಯ್ಯಾ ಖಾಲಿ? ಹದಿನಾಲ್ಕನೇ ತಾರೀಕು ನಮ್ಮ ಹುಡುಗೀದು!"

"ಲಗ್ನಪತ್ರಿಕೆ ಊರೆಲ್ಲ ಹಂಚಿಬಿಟ್ಟಿದೀವಲ್ಲೋ ಪಾಪಿ, ನೋಡು!"

ಗುಮಾಸ್ತ ಬೈಸಿಕೊಳ್ಳುತ್ತ, ಒಂದೊಂದೇ ಪತ್ರಿಕೆ ನೋಡುತ್ತ, ನಿಧಾನವಾಗಿ ಟೈಪು ಮಾಡಿದ. ಸಂಜೆಗೆ ಫೈಲು ತುಂಬಿತು.

ಗೌಡರು ಮೀಸೆ ತಿರುವಿದರು. "ನಾನು ಹೆದರಿಸಿದ್ದಕ್ಕೇ ಕೆಲಸ ಆಯ್ತು ನೋಡು."

"ಹೌದು ಯಜಮಾನ್ರೇ. ಇಪ್ಪತ್ತೊಂದನೇ ತಾರೀಕಿಗೆ ಮಾತ್ರ ಎರಡು ಮದುವೆ ಬಂದವೆ. ಇಬ್ಬರಿಗೂ ಗುಟ್ಟಾಗಿ ಮಾತು ಕೊಟ್ಟೋರು ನೀವೇ ಅಂತೆ. ಹೊರಗೆ ಒಂದೇ ಬೆಂಚಲ್ಲಿ ಕೂತವ್ರೆ. ನಿಮ್ಮನ್ನೇ ಕೇಳ್ತಾವ್ರೆ."

ಗೌಡರ ಮುಖ ಬಿಳಿಚಿಕೊಂಡಿತು. ಮೆಲ್ಲಗೆ ಬಾಗಿಲ ಚಿಲಕ ಹಾಕಿದರು. ಇನ್ನೂ ಮೆಲ್ಲಗೆ ಕೇಳಿದರು:

"ಅಪ್ಪಾ, ಬೆಳಗ್ಗೆ ನಾನು ಕಿತ್ತಿದ್ದು ಯಾವ ವೈರು?"